ನಿಂತೇ ಓಡಿಸುವ ಯಂತ್ರ

ಬಲಗಾಲಿನ ಮಂಡಿ ಇನ್ನು ಮಡಚುವುದಿಲ್ಲ ಎಂದು ಮೂಳೆ ಡಾಕ್ಟರು ಹೇಳಿದಾಗ ಗಾಜಕ್ಕ ಅಳಲಿಲ್ಲ. ಗೋಡೆಯ ಮೇಲಿದ್ದ ಎಲುಬಿನ ಚಿತ್ರವನ್ನೇ ನೋಡುತ್ತ ಕುಳಿತಿದ್ದಳು. ಕುಳಿತಿದ್ದಳು ಅನ್ನುವುದೂ ಪೂರ್ತಿ ಸರಿಯಲ್ಲ. ಕುರ್ಚಿಯ ಅಂಚಿಗೆ ಒರಗಿಕೊಂಡು ಆ ಕಾಲನ್ನು ಅಗುಳಿಯ ಹಾಗೆ ನೆಟ್ಟಗೆ ಮುಂದಕ್ಕೆ ಚಾಚಿದ್ದಳು. ನರ್ಸು ಒಳಗೆ ಬರಬೇಕಾದರೂ ಹೊರಗೆ ಹೋಗಬೇಕಾದರೂ ಅದನ್ನು ದಾಟಿಯೇ ಹೋಗಬೇಕಾಗಿತ್ತು.

"ನಡೀಬಹುದಾ?" ಎಂದು ಕೇಳಿದಳು.

"ನಡೀಬಹುದು. ಸ್ವಲ್ಪ ಎಳ್ಕೊಂಡು."

"ನಿಲ್ಲಬಹುದಾ?"

"ನಿಲ್ಲೋಕೇನೂ ತೊಂದರೆ ಇಲ್ಲ. ಎಷ್ಟು ಹೊತ್ತು ಬೇಕಾದ್ರೂ ನಿಲ್ಲಿ. ಆದ್ರೆ ಮರ ಹತ್ತೋ ಮಾತು ಮರೆತುಬಿಡಿ."

"ಮರ ಹತ್ತೋದು ಬಿಡ್ತೀನಿ," ಎಂದಳು ಗಾಜಕ್ಕ. "ಮರದ ಕೆಲಸ ಬಿಡಲ್ಲ. ಅದು ಬೇರೆ, ಇದು ಬೇರೆ."

ಡಾಕ್ಟರು ಅವಳ ಗಂಡನ ಮುಖ ನೋಡಿದರು. ಗಂಡ ನೆಲ ನೋಡಿದ.

ಮರದ ಕೆಲಸದವಳಿಗೆ ಗಾಜಕ್ಕ ಎಂಬ ಹೆಸರು ಬಂದದ್ದು ಹೇಗೆಂದು ಕೇಳದವರಿಲ್ಲ. ಮದುವೆಗೆ ಮುಂಚಿನಿಂದಲೂ ಅವಳ ಕೆಲಸ ಎತ್ತರದ ಕಟ್ಟಡಗಳ ಗಾಜು ಒರೆಸುವುದಾಗಿತ್ತು. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಒಂದು ಕೈಯಲ್ಲಿ ಸೋಪಿನ ನೀರಿನ ಬಕೆಟ್, ಇನ್ನೊಂದು ಕೈಯಲ್ಲಿ ರಬ್ಬರ್ ಪಟ್ಟಿಯ ಕೋಲು ಹಿಡಿದು, ಚಾವಣಿಯಿಂದ ಇಳಿಬಿಟ್ಟ ಹಗ್ಗದಲ್ಲಿ ಮಹಡಿಯಿಂದ ಮಹಡಿಗೆ ಇಳಿಯುತ್ತಿದ್ದಳು. ಒಳಗೆ ಮೇಜಿನ ಮುಂದೆ ಕುಳಿತವರು ತಲೆಯೆತ್ತಿದರೆ ಕಿಟಕಿಯಾಚೆ ಒಬ್ಬ ಹೆಂಗಸು ತೇಲುತ್ತಿರುತ್ತಿದ್ದಳು. ಮೇಲೆ ಚಾವಣಿಯಲ್ಲಿ ಹಗ್ಗ ನೋಡಿಕೊಳ್ಳುತ್ತಿದ್ದವನು ಮಾತು ಕಡಿಮೆಯ ಒಬ್ಬ ಹುಡುಗ. ಅವಳು ಒಮ್ಮೆ ಹಗ್ಗ ಎಳೆದರೆ ನಿಲ್ಲಿಸಬೇಕು, ಎರಡು ಸಲ ಎಳೆದರೆ ಇಳಿಸಬೇಕು. ಹೀಗೆ ಎಳೆದೆಳೆದೇ ಅವರಿಬ್ಬರ ನಡುವೆ ಮಾತುಕತೆ ಬೆಳೆದು ಮದುವೆಯವರೆಗೂ ಹೋಯಿತು.

ಒಂದು ದಿನ ಯಾವುದೋ ಕಚೇರಿಯ ಮೂರನೇ ಮಹಡಿಯ ಗಾಜಿಗೆ ಮರದ ಕೊಂಬೆಯೊಂದು ಉಜ್ಜಿ ಉಜ್ಜಿ ಗೀರು ಮಾಡಿತ್ತು. ಎಷ್ಟು ಒರೆಸಿದರೂ ಹೋಗದ ಗೀರು. ಗಾಜಕ್ಕ ಗರಗಸ ತರಿಸಿಕೊಂಡು, ಹಗ್ಗದಲ್ಲೇ ತೂಗಾಡಿ ಆ ಕೊಂಬೆಯನ್ನು ಕೊಯ್ದು ಕೆಳಗಿಳಿಸಿದಳು. ಕಟ್ಟಡದ ಮೇಲ್ವಿಚಾರಕ ಓಡಿ ಬಂದದ್ದು ಬೈಯುವುದಕ್ಕಲ್ಲ, ಹಿಂದುಗಡೆ ಇನ್ನೂ ನಾಲ್ಕು ಮರ ಇದೆ, ಅದನ್ನೂ ನೋಡುತ್ತೀರಾ ಎಂದು ಕೇಳುವುದಕ್ಕೆ. ಆ ಸಂಜೆ ಅವಳು ಗಂಡನಿಗೆ ಹೇಳಿದಳು: "ರೀ, ಗಾಜು ಒರೆಸಿದ ಮರುದಿನ ಮತ್ತೆ ಧೂಳು. ಮರ ಹಾಗಲ್ಲ. ಒಂದು ಸಲ ಚೆನ್ನಾಗಿ ಕೊಂಬೆ ಸವರಿದ್ರೆ ವರ್ಷಗಟ್ಟಲೆ ನಮ್ಮನ್ನ ನೆನೆಸ್ಕೊಳ್ಳುತ್ತೆ." ಹಾಗೆ ಶುರುವಾದ ಕೆಲಸ. ಮರಕ್ಕೆ ಬಂದ ಮೇಲೂ ಹಳೆಯ ಹೆಸರು ಮಾತ್ರ ಅವಳನ್ನು ಬಿಡಲಿಲ್ಲ.

ಅವರ ಗಿರಾಕಿಗಳೆಲ್ಲ ಹಿತ್ತಲಿನವರು. ಅಂಟಿಕೊಂಡಂತೆ ಕಟ್ಟಿದ ಮನೆಗಳ ಸಾಲು, ಎರಡು ಮನೆಗಳ ನಡುವೆ ಒಬ್ಬರು ಹೋಗುವಷ್ಟು ಓಣಿ, ಹಿಂದೆ ಕರವಸ್ತ್ರದಷ್ಟು ಜಾಗ, ಅದರಲ್ಲಿ ಯಾವ ಕಾಲದಲ್ಲೋ ಯಾರೋ ನೆಟ್ಟು ಈಗ ಮನೆಗಿಂತ ಎತ್ತರವಾಗಿರುವ ಒಂದು ಮರ. ದೊಡ್ಡ ಕಂಪನಿಗಳ ಲಾರಿ ಅಲ್ಲಿಗೆ ಹೋಗುವುದಿಲ್ಲ. ಗಾಜಕ್ಕ ಹತ್ತುತ್ತಿದ್ದಳು, ಕೊಯ್ಯುತ್ತಿದ್ದಳು, ಹಗ್ಗ ಕಟ್ಟಿ ಇಳಿಸುತ್ತಿದ್ದಳು. ಗಂಡ ಕೆಳಗೆ ನಿಂತು ಹಗ್ಗ ಹಿಡಿಯುತ್ತಿದ್ದ. ಕೊಯ್ದದ್ದನ್ನೆಲ್ಲ ಇಬ್ಬರೂ ಹೆಗಲ ಮೇಲೆ ಹೊತ್ತು ಓಣಿಯಲ್ಲಿ ತರುತ್ತಿದ್ದರು. ಓಣಿಯೇ ಇಲ್ಲದ ಕಡೆ ಅಡುಗೆಮನೆಯ ಮೂಲಕ, ನೆಲಕ್ಕೆ ಹಳೆಯ ಕಂಬಳಿ ಹಾಸಿಕೊಂಡು. ಬುಡದ ಮೋಟನ್ನು ಹಾರೆ ಗುದ್ದಲಿಯಿಂದ ಅಗೆದು ಕೀಳುವ ದಿನ ಇಬ್ಬರಿಗೂ ಊಟ ಮಾಡಲು ಕೈ ಏಳುತ್ತಿರಲಿಲ್ಲ.

ಬಿದ್ದದ್ದು ಒಳಗೆ ಟೊಳ್ಳಾಗಿದ್ದ ಕೊಂಬೆಯಿಂದ. ಹೊರಗಿನಿಂದ ಹಸಿರಾಗಿ ನಗುತ್ತಿತ್ತು, ಕಾಲಿಟ್ಟ ಕೂಡಲೇ ಲಟ್ಟೆಂದಿತು. ಹಗ್ಗ ಹಿಡಿಯಿತು, ಗಂಡನ ಕೈಯೂ ಹಿಡಿಯಿತು, ಅವಳು ನೆಲಕ್ಕೆ ಬೀಳಲಿಲ್ಲ. ಆದರೆ ತೂಗಿಕೊಂಡು ಹೋಗಿ ಕಾಂಪೌಂಡು ಗೋಡೆಯ ಅಂಚಿಗೆ ಮಂಡಿ ಬಡಿಯಿತು. ಹಗ್ಗವನ್ನು ಒಂದು ಮೊಳ ಮೇಲೆ ಎಳೆದಿದ್ದರೆ ಗೋಡೆ ತಪ್ಪುತ್ತಿತ್ತು ಎಂದು ಗಂಡ ಅಂದುಕೊಂಡ. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಆದರೆ ಅಂದಿನಿಂದ ಹಗ್ಗದ ಸುರುಳಿಯನ್ನು ವ್ಯಾನಿನ ಹಿಂದೆ, ಕಣ್ಣಿಗೆ ಬೀಳದ ಕಡೆ, ಚೀಲದ ಕೆಳಗೆ ಇಟ್ಟ.

ಅವಳು ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ಭಾವ ಬಂದರು. ಭಾವ ಎಂದರೆ ಗಂಡನ ಅಣ್ಣ. ಅವರದೂ ಮರದ ಕೆಲಸವೇ, ಆದರೆ ದೊಡ್ಡದು. ಕ್ರೇನಿನ ಲಾರಿ, ಎತ್ತರಕ್ಕೆ ಏರುವ ತೊಟ್ಟಿಲಿನ ಲಾರಿ, ರಸ್ತೆ ಬದಿಯ ಮರಗಳ ಗುತ್ತಿಗೆ. ಹಣ್ಣಿನ ಬುಟ್ಟಿ ತಂದಿದ್ದರು. ಮಂಚದ ಪಕ್ಕ ಕುಳಿತು, ಮೊದಲು ಹಣ್ಣು ತಿನ್ನು ಎಂದರು, ಆಮೇಲೆ ವಿಷಯಕ್ಕೆ ಬಂದರು.

"ನೋಡಮ್ಮ, ಆಗಿದ್ದು ಆಗಿ ಹೋಯ್ತು. ನಮ್ಮ ತಮ್ಮ ನನ್ನ ಹತ್ರ ಕೆಲಸಕ್ಕೆ ಬರ್ಲಿ. ನಿನಗೂ ಆಫೀಸಲ್ಲಿ ಒಂದು ಕುರ್ಚಿ ಹಾಕಿಸ್ತೀನಿ. ಆರಾಮಾಗಿ ಕೂತ್ಕೊಂಡು ಫೋನ್ ಎತ್ತು, ಸಾಕು."

"ಕೂತ್ಕೊಳ್ಳೋದೊಂದೇ ಭಾವ ನನಗೆ ಆಗದೆ ಇರೋದು," ಎಂದಳು ಗಾಜಕ್ಕ. "ಅದನ್ನೇ ಕೊಡ್ತೀನಿ ಅಂತೀರಲ್ಲ."

"ತಮಾಷೆ ಬೇಡ. ಹಿತ್ತಲು ಕೆಲಸ ಎಲ್ಲ ಇನ್ನು ನಿಮ್ಮಿಂದ ಆಗೋದಲ್ಲ. ಹತ್ತೋರೇ ಇಲ್ಲದ ಮೇಲೆ ಏನು ಮಾಡ್ತೀರ?"

"ಹತ್ತೋರನ್ನ ದಿನದ ಲೆಕ್ಕಕ್ಕೆ ಕರೀತೀನಿ. ಗಾಜು ಒರೆಸೋ ಕಾಲದ ಜೊತೆಗಾರರು ಇದಾರೆ, ಹಗ್ಗ ಬಲ್ಲವರು. ಹೊರೋದು, ಎತ್ತೋದು, ಬುಡ ತೆಗೆಯೋದು, ಅದು ನಂದು. ಯಂತ್ರ ತಗೋತೀನಿ."

"ಯಂತ್ರ ಯಾರು ಓಡಿಸ್ತಾರೆ?"

"ನಾನು."

ಭಾವ ನಕ್ಕರು. ಕೆಟ್ಟ ನಗೆಯಲ್ಲ, ಮಕ್ಕಳು ವಿಮಾನ ಓಡಿಸುತ್ತೇನೆ ಎಂದಾಗ ದೊಡ್ಡವರು ನಗುವ ನಗೆ. ಗಾಜಕ್ಕನಿಗೆ ಕೆಟ್ಟ ನಗೆಯೇ ಆಗಿದ್ದರೆ ವಾಸಿ ಎನಿಸಿತು. "ನಿಮ್ಮ ಫೋನು ನೀವೇ ಎತ್ಕೊಳ್ಳಿ ಭಾವ," ಎಂದಳು. "ಹಣ್ಣು ಚೆನ್ನಾಗಿದೆ."

ಅವರು ಹೋದ ಮೇಲೆ ಗಂಡ ತಟ್ಟೆ ತೊಳೆಯುತ್ತ, ಬೆನ್ನು ತಿರುಗಿಸಿಯೇ ಹೇಳಿದ: "ಒಂದು ಕಾಲು ಮಡಚೋಕೆ ಬರಲ್ಲ. ಆದ್ರೂ ಕಾಲು ಕೆರ್ಕೊಂಡು ಜಗಳಕ್ಕೆ ಹೋಗ್ತೀಯಲ್ಲೇ."

"ಇನ್ನೊಂದು ಕಾಲಿದೆಯಲ್ಲ, ಅದ್ರಲ್ಲಿ ಕೆರೀತೀನಿ."

ಅವನು ತೊಳೆದ ತಟ್ಟೆಯನ್ನೇ ಮತ್ತೊಮ್ಮೆ ತೊಳೆದ.

ಯಂತ್ರಗಳನ್ನು ಮಾರುವ, ಬಾಡಿಗೆಗೆ ಕೊಡುವ ಅಂಗಳ ಊರಾಚೆ ದೊಡ್ಡ ರಸ್ತೆಯ ಪಕ್ಕದಲ್ಲಿತ್ತು. ಹೋಗುವ ಮುಂಚೆ ಗಾಜಕ್ಕ ಒಂದು ಕೆಲಸ ಮಾಡಿದಳು. ತಮ್ಮ ಗಿರಾಕಿಗಳ ಪೈಕಿ ಎಲ್ಲರಿಗಿಂತ ಇಕ್ಕಟ್ಟಾದ ಓಣಿ ಹೊಲಿಗೆ ಟೀಚರಮ್ಮನದು. ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಿಯಾದ ಆಕೆಯ ಮನೆಯ ಓಣಿಯಲ್ಲಿ, ಅರ್ಧ ದಾರಿಯಲ್ಲಿ, ನೀರಿನ ಮೀಟರಿನ ಡಬ್ಬವೊಂದು ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿತ್ತು. ಅಲ್ಲಿಗೆ ಪೊರಕೆಯ ಕೋಲು ಹಿಡಿದು, ಡಬ್ಬಕ್ಕೂ ಎದುರು ಗೋಡೆಗೂ ನಡುವೆ ಸರಿಯಾಗಿ ಹಿಡಿಸುವಷ್ಟಕ್ಕೆ ಕೊಯ್ಯಿಸಿಕೊಂಡಳು. ಆ ಕೋಲನ್ನೇ ಊರುಗೋಲು ಮಾಡಿಕೊಂಡು ಅಂಗಳಕ್ಕೆ ಬಂದಳು.

ಮಾರಾಟದವನು ಎಳೆ ವಯಸ್ಸಿನವನು, ಇಸ್ತ್ರಿ ಮಾಡಿದ ಅಂಗಿ, ಬಾಯಿ ತುಂಬ ಮಾತು. ನೇರ ಗಂಡನ ಬಳಿ ಹೋಗಿ ಕೈ ಕುಲುಕಿದ. "ಬನ್ನಿ ಸಾರ್. ಎಂಥ ಕೆಲಸ ಸಾರ್? ಎಷ್ಟು ಭಾರ ಎತ್ತಬೇಕು ಸಾರ್?"

"ಅವಳನ್ನ ಕೇಳಿ," ಎಂದ ಗಂಡ.

ಮಾರಾಟದವನು ಗಾಜಕ್ಕನತ್ತ ತಿರುಗಿ ನಕ್ಕು, ಮತ್ತೆ ಗಂಡನಿಗೇ ಹೇಳಲು ಶುರು ಮಾಡಿದ. ಕೊಂಬೆ ಎಳೆಯುವುದಕ್ಕೆ ಒಂದು ಯಂತ್ರ, ಬುಡ ಅರೆಯುವುದಕ್ಕೆ ಒಂದು, ದಿಮ್ಮಿ ಎತ್ತುವುದಕ್ಕೆ ಇನ್ನೊಂದು. ಮೂರೂ ಒಟ್ಟಿಗೆ ತೆಗೆದುಕೊಂಡರೆ ಅನುಕೂಲ ಮಾಡಿಕೊಡುತ್ತೇನೆ ಎಂದ.

"ಮೂರು ಯಂತ್ರ ನಿಲ್ಲಿಸೋಕೆ ನಮ್ಮನೆ ಹತ್ರ ಜಾಗ ಇಲ್ಲ," ಎಂದಳು ಗಾಜಕ್ಕ. "ವ್ಯಾನು ಒಂದು, ಅದರ ಹಿಂದೆ ಟ್ರೇಲರ್ ಒಂದು. ನಾವು ಇಬ್ಬರು. ಒಂದೇ ಮೈ ಇರಬೇಕು, ಬಾಯಿ ಬದಲಾಯಿಸೋ ಹಾಗಿರಬೇಕು. ಅಂಥದ್ದು ತೋರಿಸಿ."

"ಇದೆ ಮೇಡಂ, ಯಾಕಿಲ್ಲ!" ಎಂದು ಅವನು ಸಾಲಿನ ಮುಂದೆ ತೊಳೆದು ಹೊಳೆಯುತ್ತಿದ್ದ ಯಂತ್ರದ ಬಳಿ ಕರೆದೊಯ್ದ. ಗಾಜಿನ ಕೋಣೆ, ಒಳಗೆ ಮೆತ್ತನೆಯ ಸೀಟು. "ಸಾರ್ ಓಡಿಸೋಕೆ ಸುಖವಾಗಿದೆ. ಮಳೆ ಇಲ್ಲ, ಬಿಸಿಲಿಲ್ಲ."

"ಓಡಿಸೋಳು ನಾನು."

ಆಗ ಅವನು ಮೊದಲ ಸಲ ಅವಳ ಕಾಲು ನೋಡಿದ. ಗಾಜಕ್ಕ ಅಷ್ಟರಲ್ಲಿ ಕೋಲನ್ನು ಯಂತ್ರದ ಮುಂದೆ ಅಡ್ಡ ಹಿಡಿದಿದ್ದಳು. ಯಂತ್ರವೇ ಎರಡು ಕಡೆಯೂ ಒಂದೊಂದು ಅಂಗೈ ಅಗಲ ಹೆಚ್ಚಾಗಿತ್ತು. ಆದರೂ ಹತ್ತಿ ನೋಡಿಯೇ ಬಿಡೋಣ ಎಂದು ಹತ್ತಿದಳು. ಎಡಗಾಲು ಒಳಗೆ ಹೋಯಿತು, ಮೈ ಒಳಗೆ ಹೋಯಿತು, ಬಲಗಾಲು ಮಾತ್ರ ಬಾಗಿಲಿನಿಂದ ಹೊರಗೆ, ಅಂಗಡಿ ಮುಂದೆ ಚಾಚಿದ ತೊಲೆಯ ಹಾಗೆ. ಒಳಗೆ ಎಳೆದುಕೊಳ್ಳಲು ನೋಡಿದರೆ ಎದುರಿನ ಪೆಡಲು ಅಡ್ಡ ಬಂತು. ಮೆಕ್ಯಾನಿಕ್‌ಗಳು ಕೆಲಸ ಬಿಟ್ಟು ನೋಡುತ್ತಿದ್ದರು. ಒಬ್ಬ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದ.

ಗಾಜಕ್ಕನ ಕಿವಿ ಬಿಸಿಯಾಯಿತು. "ಏನಪ್ಪ," ಎಂದಳು ಅಲ್ಲಿಂದಲೇ, ಎಲ್ಲರಿಗೂ ಕೇಳುವ ಹಾಗೆ, "ಯಂತ್ರದ ಜೊತೆ ಕಾಲನ್ನೂ ಕೊಯ್ದು ಅಳತೆಗೆ ಕೂಡಿಸಿ ಕೊಡ್ತೀರಾ?"

ಗಂಡ ಮುಂದೆ ಬಂದು ಕೈ ಕೊಟ್ಟ. ಅವಳು ಕೈ ಹಿಡಿಯದೆ, ಬಾಗಿಲ ಚೌಕಟ್ಟು ಹಿಡಿದು ತಾನೇ ಇಳಿದಳು.

"ಹೋಗೋಣ ನಡಿ," ಎಂದ ಗಂಡ ಮೆಲ್ಲಗೆ.

"ಇನ್ನೂ ನೋಡೇ ಇಲ್ಲ."

ಅಂಗಳದ ಕೊನೆಯಲ್ಲಿ, ಬಾಡಿಗೆಗೆ ಹೋಗಿ ಬರುವ ಸಾಮಾನುಗಳ ನಡುವೆ, ಸಿಮೆಂಟಿನ ಧೂಳು ಹಿಡಿದ ಒಂದು ಚಿಕ್ಕ ಯಂತ್ರ ನಿಂತಿತ್ತು. ನೆಲದ ಮೇಲೆ ಓಡುವುದಕ್ಕೆ ಚಕ್ರದ ಬದಲು, ಯುದ್ಧದ ಟ್ಯಾಂಕಿಗಿರುವ ಹಾಗೆ, ರಬ್ಬರಿನ ಪಟ್ಟೆ. ಮುಂದೆ ಎರಡು ತೋಳು, ತೋಳಿನ ತುದಿಯಲ್ಲಿ ಬಕೆಟ್. ಸೀಟೂ ಇಲ್ಲ, ಕೋಣೆಯೂ ಇಲ್ಲ. ಹಿಂಭಾಗದಲ್ಲಿ ನಿಲ್ಲುವುದಕ್ಕೆ ಒಂದು ಕಬ್ಬಿಣದ ಹಲಗೆ, ಎದೆಯ ಎತ್ತರಕ್ಕೆ ಹಿಡಿಕೆಗಳು. ಗಾಜಕ್ಕ ಕಾಲೆಳೆದುಕೊಂಡು ಅಲ್ಲಿಗೆ ಹೋಗಿ ಕೋಲನ್ನು ಅಡ್ಡ ಹಿಡಿದಳು. ಕೋಲಿನ ಎರಡು ತುದಿಯಲ್ಲೂ ಬೆರಳು ಆಡಿಸುವಷ್ಟು ಜಾಗ ಮಿಕ್ಕಿತು.

"ಅದು ಬೇಡ ಮೇಡಂ," ಎಂದು ಮಾರಾಟದವನು ಹಿಂದಿನಿಂದ ಓಡಿ ಬಂದ. "ಅದು ಕಟ್ಟಡ ಕೆಲಸದ ಹುಡುಗರಿಗೆ. ಕುಲುಕುತ್ತೆ. ನಿಂತೇ ಓಡಿಸಬೇಕು."

"ಏನಂದ್ರಿ?"

"ನಿಂತೇ ಓಡಿಸಬೇಕು ಅಂದೆ."

ಗಾಜಕ್ಕ ಎಡಗಾಲಿಟ್ಟು ಹಲಗೆ ಹತ್ತಿದಳು. ಬಲಗಾಲು ತಾನಾಗಿಯೇ ಪಕ್ಕಕ್ಕೆ ಬಂದು ನೆಟ್ಟಗೆ ನಿಂತಿತು. ಕೆಳಗೆ ಪೆಡಲು ಹುಡುಕಿದಳು, ಇರಲಿಲ್ಲ. ಎಲ್ಲವೂ ಕೈಯಲ್ಲೇ. ಚಾಲು ಮಾಡಿಸಿಕೊಂಡು ಹಿಡಿಕೆ ಒತ್ತಿದಾಗ ಯಂತ್ರ ಹೋರಿಯ ಹಾಗೆ ಮುಂದೆ ನುಗ್ಗಿತು. ತಿರುಗಿಸಲು ಹೋಗಿ "ಸ್ವಾಗತ" ಎಂದು ಬರೆದ ಫಲಕಕ್ಕೆ ಗುದ್ದಿದಳು. ಫಲಕ ಅಂಗಾತ ಬಿತ್ತು. ಹಿಂದಕ್ಕೆ ತೆಗೆಯಲು ಹೋಗಿ ಅದರ ಮೇಲೆಯೇ ಪಟ್ಟೆ ಹತ್ತಿಸಿದಳು. ನಿಲ್ಲಿಸಿ, ಇಳಿದು, ಬೆವರು ಒರೆಸಿಕೊಂಡಳು.

"ಇದೇ," ಎಂದಳು. "ಮೊದಲು ಒಂದು ವಾರ ಬಾಡಿಗೆಗೆ ಕೊಡಿ. ಹೊಂದಿದ್ರೆ ತಗೋತೀನಿ. ದಿಮ್ಮಿ ಕಚ್ಚೋ ಇಕ್ಕಳ ಒಂದು, ಬುಡ ಅರೆಯೋದು ಒಂದು, ಎರಡೇ ಸಾಕು."

"ಗುಂಡಿ ತೋಡೋದಿದೆ, ಕಾಲುವೆ ತೆಗೆಯೋದಿದೆ, ಗುಡಿಸೋ ಬ್ರಷ್ಷಿದೆ..."

"ಆರು ಬಾಯಿ ಕಟ್ಕೊಂಡ್ರೆ ಆರಕ್ಕೂ ಊಟ ಹಾಕಬೇಕು. ಎರಡು ಸಾಕು."

ವಾಪಸು ಬರುವಾಗ ಗಂಡ ವ್ಯಾನನ್ನು ರಸ್ತೆ ಬದಿಗೆ ನಿಲ್ಲಿಸಿದ. ಇಂಜಿನ್ ಆರಿಸಿದ. ಸ್ಟಿಯರಿಂಗ್ ಮೇಲೆ ಎರಡು ಕೈ ಇಟ್ಟುಕೊಂಡು ಮುಂದೆಯೇ ನೋಡುತ್ತಿದ್ದ.

"ಅಣ್ಣ ಹೇಳಿದ್ದು ಒಪ್ಕೋಬಹುದಿತ್ತು."

"ನಿಮಗೆ ಹೋಗಬೇಕಿದ್ರೆ ಹೋಗಿ. ನಾನೇನು ಕಟ್ಟಿ ಹಾಕಿಲ್ಲ."

"ಅದಲ್ಲ." ತನ್ನ ಅಂಗೈ ನೋಡಿಕೊಂಡ. "ನೀನು ಮೇಲಿದ್ದಾಗ ಹಗ್ಗ ನನ್ನ ಕೈಲಿರ್ತಿತ್ತು. ನೀನು ಸ್ವಲ್ಪ ಅಲುಗಾಡಿದ್ರೂ ನನ್ನ ಕೈಗೆ ಗೊತ್ತಾಗ್ತಿತ್ತು. ಹಾಗಿದ್ದೂ ಕಾಲು ಹೋಯ್ತು. ಈಗ ಆ ಕಬ್ಬಿಣದ ಮೇಲೆ ನಿಂತ್ಕೋತೀಯ. ಅದಕ್ಕೆ ಹಗ್ಗ ಎಲ್ಲಿದೆ? ನಾನು ನಿನ್ನ ಎಲ್ಲಿ ಹಿಡ್ಕೊಳ್ಳಲಿ?"

ಇಷ್ಟುದ್ದ ಮಾತನ್ನು ಅವನು ಆಡಿದ್ದು ಅವಳಿಗೆ ನೆನಪಿರಲಿಲ್ಲ. ಆದರೂ ಸೋಲಲು ಮನಸ್ಸಾಗಲಿಲ್ಲ.

"ಕಾಲು ಹೋಗಿದ್ದು ಗೋಡೆಯಿಂದ. ಜೀವ ಉಳಿದದ್ದು ನಿಮ್ಮ ಕೈಯಿಂದ," ಎಂದಳು. "ಇನ್ಮೇಲೆ ನನ್ನ ಹಿಡೀಬೇಡಿ. ಕೊಂಬೆ ಹಿಡೀರಿ. ಗಾಡಿ ತೆಗೀರಿ ಈಗ, ಹಿಂದಿನವರು ಹಾರ್ನ್ ಹೊಡೀತಿದಾರೆ."

ಬಾಡಿಗೆಯ ವಾರ ಶುರುವಾಗುವ ಹಿಂದಿನ ದಿನ ಜೋರು ಗಾಳಿ ಬೀಸಿ ಹೊಲಿಗೆ ಟೀಚರಮ್ಮನ ಹಿತ್ತಲಿನ ಮರವೇ ಉರುಳಿತು. ಬೇಲಿ ಮುರಿದು, ಬಟ್ಟೆ ಒಗೆಯುವ ಕಟ್ಟೆಯ ಮೇಲೆ ಅಡ್ಡಡ್ಡ ಮಲಗಿತು. ಟೀಚರಮ್ಮ ಮೊದಲು ಫೋನು ಮಾಡಿದ್ದು ಭಾವನ ಕಂಪನಿಗೇ. ಭಾವ ಖುದ್ದಾಗಿ ಬಂದು ನೋಡಿ, ಕ್ರೇನನ್ನು ಮನೆಯ ಮುಂದೆ ನಿಲ್ಲಿಸಿ ಚಾವಣಿಯ ಮೇಲಿನಿಂದ ಎತ್ತಬೇಕು, ರಸ್ತೆ ಮುಚ್ಚಿಸಬೇಕು, ವಿದ್ಯುತ್ ತಂತಿ ಬಿಚ್ಚಿಸಬೇಕು, ಒಪ್ಪಿಗೆ ಸಿಗಲು ತಿಂಗಳಾದರೂ ಬೇಕು ಎಂದಿದ್ದರು. ಟೀಚರಮ್ಮ ಆಮೇಲೆ ಗಾಜಕ್ಕನಿಗೆ ಫೋನು ಮಾಡಿದಳು.

"ಒಗೆಯೋ ಕಟ್ಟೆ ಇಲ್ಲದೆ ತಿಂಗಳು ಇರೋಕಾಗುತ್ತಾ? ನಿನ್ನ ಕೈಲಿ ಆಗುತ್ತಾ ಹೇಳು. ಆಗದಿದ್ರೆ ಆಗಲ್ಲ ಅನ್ನು, ಮನಸ್ಸಿಗೆ ಏನೂ ಮಾಡ್ಕೊಳ್ಳಲ್ಲ."

"ಆಗುತ್ತೆ," ಎಂದಳು ಗಾಜಕ್ಕ. ಆಗುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಟ್ರೇಲರಿನಿಂದ ಯಂತ್ರ ಇಳಿಸುವಾಗಲೇ ಅಕ್ಕಪಕ್ಕದವರು ಗೇಟಿನ ಬಳಿ ಸೇರಿದ್ದರು. ಓಣಿಯ ಒಳಗೆ ಹೋಗುವಾಗ ಗಂಡ ಮುಂದೆ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಕೈಯಲ್ಲಿ ಆ ಕಡೆ, ಈ ಕಡೆ ಎಂದು ತೋರಿಸಿದ. ಗೋಡೆಗಳ ನಡುವೆ ಇಂಜಿನ್ನಿನ ಸದ್ದು ತುಂಬಿಕೊಂಡು ಕಿವಿ ಗುಂಯ್ ಎನ್ನುತ್ತಿತ್ತು. ಮೀಟರ್ ಡಬ್ಬದ ಬಳಿ ಪಟ್ಟೆ ಒಂದು ಸಲ ಕರ್ ಎಂದು ಗೋಡೆಗೆ ಉಜ್ಜಿತು. ಸುಣ್ಣ ಉದುರಿತು. ಅಷ್ಟೇ. ಯಂತ್ರ ಹಿತ್ತಲಿಗೆ ಬಂತು.

ರೆಂಬೆಗಳೆಲ್ಲ ಸಲೀಸಾಗಿ ಹೋದವು. ಗಂಡ ಕೊಯ್ಯುವುದು, ಗಾಜಕ್ಕ ಇಕ್ಕಳದಲ್ಲಿ ಕಂತೆ ಕಚ್ಚಿಕೊಂಡು ಓಣಿಯಲ್ಲಿ ಹೊರಗೆ ಒಯ್ಯುವುದು. ಹಿಂದೆಲ್ಲ ಇದೇ ಕೆಲಸಕ್ಕೆ ಎರಡು ದಿನ ಹೆಗಲು ಸವೆಯುತ್ತಿತ್ತು. ಅವಳಿಗೆ ಉತ್ಸಾಹ ಬಂತು. ಉತ್ಸಾಹ ಬಂದ ಮೇಲೆ ಸೊಕ್ಕೂ ಬಂತು.

ಭಾವ ಬಂದದ್ದು ಆ ಹೊತ್ತಿಗೇ. ತಮ್ಮ ಕೆಲಸ ತಮ್ಮನ ಮನೆಗೇ ಹೋಯಿತಲ್ಲ ಎಂದು ನೋಡಲು ಬಂದರೋ, ನಿಜವಾಗಿ ಕಳವಳದಿಂದಲೇ ಬಂದರೋ, ಅವರಿಗೇ ಗೊತ್ತು. ಬೇಲಿಯ ಪಕ್ಕ ಕೈ ಕಟ್ಟಿ ನಿಂತರು. ಅವರನ್ನು ಕಂಡದ್ದೇ ತಡ, ಗಾಜಕ್ಕ ಕಾಂಡದ ಅತಿ ದಪ್ಪನೆಯ ತುಂಡಿಗೆ ಇಕ್ಕಳ ಹಾಕಿದಳು.

"ಅದು ಭಾರ ಆಯ್ತು," ಎಂದ ಗಂಡ.

"ಎತ್ತುತ್ತೆ."

ಎತ್ತಿತು ಕೂಡ. ನೆಲದಿಂದ ಮೇಲೆದ್ದಿತು. ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ಅವಳು ಇನ್ನೂ ಮೇಲೆತ್ತಿದಳು. ದಿಮ್ಮಿ ಎದೆಯೆತ್ತರಕ್ಕೆ ಬಂದಾಗ ಯಂತ್ರದ ಹಿಂಭಾಗ ನೆಲ ಬಿಟ್ಟಿತು. ಏತದ ಹಾಗೆ ಮುಂದೆ ಕೆಳಗೆ, ಹಿಂದೆ ಮೇಲೆ. ಹಲಗೆಯ ಮೇಲೆ ನಿಂತ ಗಾಜಕ್ಕ ಗಾಳಿಯಲ್ಲಿ! ಕೈ ಹಿಡಿಕೆ ಬಿಟ್ಟಿತು. ದಿಮ್ಮಿ ಇಕ್ಕಳದಿಂದ ಕಳಚಿ ದೊಪ್ಪೆಂದು ಬಿದ್ದು ಹಸಿ ಹುಲ್ಲಿನಲ್ಲಿ ಗೇಣುದ್ದ ಹೂತುಕೊಂಡಿತು. ಯಂತ್ರ ಧಡ್ ಎಂದು ನೆಲಕ್ಕೆ ಬಂತು. ಅವಳು ಹಲಗೆಯಿಂದ ಹಿಂದಕ್ಕೆ ಜಾರಿ, ಬೀಳದೆ, ನೆಟ್ಟಗಿನ ಕಾಲನ್ನು ಕಂಬದಂತೆ ಊರಿ ನಿಂತಳು.

ಗೇಟಿನ ಬಳಿ ಯಾರೋ ಫೋನಿನಲ್ಲಿ ಚಿತ್ರ ಹಿಡಿಯುತ್ತ ನಗುತ್ತಿದ್ದರು. "ನನ್ನ ಹುಲ್ಲು!" ಎಂದು ಟೀಚರಮ್ಮ ಕೂಗಿದಳು.

"ಹೇಳಿದ್ನೋ ಇಲ್ವೋ?" ಭಾವ ಬೇಲಿ ದಾಟಿ ಬಂದರು. ಅವರ ಮುಖ ಬಿಳಿಚಿತ್ತು. "ಆಟದ ಸಾಮಾನು ಕಣಮ್ಮ ಇದು. ಇವತ್ತು ಬದುಕಿದೆ. ನಾಳೆ? ಬಿಡು, ಸಾಕು ಮಾಡು."

ಗಂಡ ಓಡಿ ಬಂದು ಅವಳ ತೋಳು ಹಿಡಿದಿದ್ದ. ಗಟ್ಟಿಯಾಗಿ, ಹಗ್ಗ ಹಿಡಿದ ಹಾಗೆ. ಗಾಜಕ್ಕನ ಮೈ ನಡುಗುತ್ತಿತ್ತು, ಅದು ಅವನ ಕೈಗೂ ಗೊತ್ತಾಗುತ್ತಿತ್ತು.

"ಭಾವ," ಎಂದಳು. "ತಪ್ಪು ನಂದು, ಯಂತ್ರದ್ದಲ್ಲ. ನಿಮಗೆ ತೋರಿಸಬೇಕು ಅಂತ ಮೇಲೆತ್ತಿದೆ. ನೀವಿಲ್ಲದಿದ್ರೆ ಎತ್ತುತ್ತಿರಲಿಲ್ಲ. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ. ಇದು ಇರುವೆ. ಇರುವೆ ಕೈಲಿ ಆನೆ ಭಾರ ಎತ್ತಿಸಿದ್ದು ನನ್ನ ಕೊಬ್ಬು. ಆದ್ರೆ ಸಾಕು ಮಾಡು ಅಂತ ಮಾತ್ರ ಹೇಳಬೇಡಿ. ನಿಮ್ಮ ಲಾರಿಯ ತೊಟ್ಟಿಲು ಒಂದು ಸಲ ತಂತಿಗೆ ಸಿಕ್ಕಿದಾಗ ನೀವು ಸಾಕು ಮಾಡಿದ್ರಾ?"

ಭಾವ ಒಂದು ಹೆಜ್ಜೆ ಹಿಂದೆ ಸರಿದರು.

"ರೀ, ಕೈ ಬಿಡಿ," ಎಂದಳು ಗಂಡನಿಗೆ.

ಅವನು ಬಿಡಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ. ಕೊನೆಗೆ ಬಿಟ್ಟ. ಬಿಟ್ಟವನು ನಡೆದು ಹೋಗಿ ಗರಗಸ ಎತ್ತಿಕೊಂಡ. ಹೂತುಹೋದ ದಿಮ್ಮಿಯ ಪಕ್ಕ ಮಂಡಿಯೂರಿ, ಕಣ್ಣಳತೆಯಲ್ಲೇ ಮೂರು ಗುರುತು ಹಾಕಿ, ಗರಗಸ ಚಾಲು ಮಾಡಿದ. ಪುಡಿ ಹಾರತೊಡಗಿತು.

ಗಾಜಕ್ಕ ಮತ್ತೆ ಹಲಗೆ ಹತ್ತಿದಳು. ಹತ್ತುವಾಗ ಕಾಲು ಎರಡು ಸಲ ತಪ್ಪಿತು. ಯಾರೂ ಕೈ ಕೊಡಲು ಬರಲಿಲ್ಲ, ಬಂದಿದ್ದರೆ ಬೈಸಿಕೊಳ್ಳುತ್ತಿದ್ದರು.

ಆಮೇಲೆ ಅವಳು ಒಂದೊಂದು ತುಂಡನ್ನೂ ನೆಲಕ್ಕೆ ತಾಗುವಷ್ಟೇ ತಗ್ಗಿನಲ್ಲಿ ಹಿಡಿದು ಒಯ್ದಳು. ಟೀಚರಮ್ಮನ ಮನೆಯಲ್ಲಿದ್ದ ಹಳೆಯ ಕಪಾಟಿನ ಹಲಗೆಗಳನ್ನು ಕೇಳಿ ತೆಗೆದು, ಹುಲ್ಲಿನ ಮೇಲೆ ಹಾಸಿ, ಅದರ ಮೇಲೆ ಪಟ್ಟೆ ಓಡಿಸಿದಳು. ಭಾವ ಸ್ವಲ್ಪ ಹೊತ್ತು ನಿಂತಿದ್ದರು. ಒಂದು ಹಲಗೆ ಜಾರಿದಾಗ ಬಗ್ಗಿ ಅದನ್ನು ಕಾಲಿನಿಂದ ನೂಕಿ ಸರಿ ಮಾಡಿದರು. ಆಮೇಲೆ ಹೇಳದೆ ಹೊರಟುಹೋದರು.

ಮರುದಿನ ಇಕ್ಕಳ ಬಿಚ್ಚಿ ಬುಡ ಅರೆಯುವ ಹಲ್ಲಿನ ಚಕ್ರವನ್ನು ಕೂಡಿಸಬೇಕಾಗಿತ್ತು. ಅಂಗಳದಲ್ಲಿ ಮಾರಾಟದವನು ಚಿಟಿಕೆ ಹೊಡೆಯುವುದರೊಳಗೆ ಆಗುತ್ತದೆ ಎಂದಿದ್ದ. ಅವರಿಗೆ ಬೆಳಗಿನ ಅರ್ಧ ಅದಕ್ಕೇ ಹೋಯಿತು. ಎಣ್ಣೆಯ ಪೈಪು ಸೇರುವಲ್ಲಿ ಕಸ ಕೂತಿತ್ತು. ಒತ್ತಿದಷ್ಟೂ ಹೊರಗೆ ಚಿಮ್ಮಿ ಗಂಡನ ಅಂಗಿಯೆಲ್ಲ ಎಣ್ಣೆಯಾಯಿತು. ಕೊನೆಗೆ ಟೀಚರಮ್ಮ ಹೊಲಿಗೆ ಯಂತ್ರ ಒರೆಸುವ ಮೆತ್ತನೆ ಬಟ್ಟೆ ತಂದುಕೊಟ್ಟು, "ಮೊದಲು ಒರೆಸಿ, ಆಮೇಲೆ ಸೇರಿಸಿ. ದಾರ ಪೋಣಿಸೋಕೂ ಇದೇ ನಿಯಮ," ಎಂದಳು. ಸೇರಿತು. ಬುಡ ಪುಡಿ ಪುಡಿಯಾಗಿ ಹಾರುವುದನ್ನು ನೋಡುತ್ತ ಗಂಡ ಗುದ್ದಲಿಯ ಕಡೆ ಒಮ್ಮೆ ತಿರುಗಿ ನೋಡಿದ. ಆ ನೋಟದಲ್ಲಿ ಪ್ರೀತಿ ಸ್ವಲ್ಪವೂ ಇರಲಿಲ್ಲ.

ಹುಲ್ಲು ಕೆಟ್ಟು ಗುಂಡಿ ಬಿದ್ದಿದ್ದ ಕಡೆ ಗಾಜಕ್ಕ ಆ ಮರದ ಪುಡಿಯನ್ನೂ ಮಣ್ಣನ್ನೂ ತುಂಬಿ ಸಮ ಮಾಡಿ ಹೊಸ ಬೀಜ ಚೆಲ್ಲಿದಳು. ಅಲ್ಲಿ ಹುಲ್ಲು ಅಷ್ಟು ಚೆನ್ನಾಗಿ ಬೆಳೆಯಲಿಲ್ಲ ಎಂದು ಟೀಚರಮ್ಮ ಇಂದಿಗೂ ದೂರು ಹೇಳುತ್ತಾಳೆ. ಆದರೆ ಓಣಿಯ ಮನೆಗಳವರಿಗೆಲ್ಲ ಗಾಜಕ್ಕನ ನಂಬರು ಕೊಟ್ಟವಳೂ ಅವಳೇ.

ವಾರ ಮುಗಿದ ಮೇಲೆ ಗಾಜಕ್ಕ ಯಂತ್ರ ಹಿಂದಕ್ಕೆ ಕೊಡಲಿಲ್ಲ. ಹೊಳೆಯುವ ಹೊಸದನ್ನು ಕೊಡುತ್ತೇನೆ ಎಂದು ಮಾರಾಟದವನು ಹೇಳಿದರೂ ಕೇಳದೆ, ಕೈಗೆ ಪಳಗಿದ ಆ ಧೂಳಿನದನ್ನೇ ಕೊಂಡಳು. ಹತ್ತುವುದಕ್ಕೆ ಗಾಜು ಒರೆಸುವ ಕಾಲದ ಗೆಳತಿಯೊಬ್ಬಳು ಬರುತ್ತಾಳೆ. ಅವಳ ಹಗ್ಗ ಹಿಡಿಯುವವನು ಗಾಜಕ್ಕನ ಗಂಡ. ಮೊದಲ ದಿನ ಚೀಲದ ಕೆಳಗಿನಿಂದ ಹಗ್ಗ ತೆಗೆಯುವಾಗ ಅವನ ಕೈ ತಡವರಿಸಿತ್ತು, ಆಮೇಲೆ ಹಗ್ಗವೇ ಅವನ ಕೈಯನ್ನು ಗುರುತಿಸಿತು. ಹೊಸ ಗಿರಾಕಿಗಳಲ್ಲಿ ಕೆಲವರು ಈಗಲೂ ಯಂತ್ರ ಓಡಿಸುವವರು ಯಾವಾಗ ಬರುತ್ತಾರೆ ಎಂದು ಗಾಜಕ್ಕನನ್ನೇ ಕೇಳುತ್ತಾರೆ. ಅವಳು ಉತ್ತರ ಕೊಡುವ ಗೋಜಿಗೆ ಹೋಗುವುದಿಲ್ಲ, ಹೋಗಿ ಹಲಗೆ ಹತ್ತುತ್ತಾಳೆ.

ಮೊನ್ನೆ ಮೊನ್ನೆ ಒಂದು ಬೆಳಿಗ್ಗೆ, ವಾಹನಗಳು ಇರುವೆ ಸಾಲಿನಂತೆ ಹರಿಯುವ ರಸ್ತೆಯಲ್ಲಿ, ಟ್ರೇಲರಿನಿಂದ ಇಳಿದು ಗಿರಾಕಿಯ ಮನೆಯ ಗೇಟಿನತ್ತ ತಿರುಗುವಾಗ ಯಂತ್ರದ ಎಡಗಡೆಯ ರಬ್ಬರ್ ಪಟ್ಟೆ ಕಳಚಿಕೊಂಡಿತು. ರಸ್ತೆಯ ನಟ್ಟನಡುವೆ. ಅತ್ತ ಹೋಗದು, ಇತ್ತ ಬಾರದು. ಹಿಂದೆ ಒಂದು ಕಾರು ನಿಂತಿತು, ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಕಣ್ಣು ಹಾಯುವವರೆಗೂ ಸಾಲು. ಹಾರ್ನುಗಳು ಬೊಬ್ಬೆ ಹಾಕತೊಡಗಿದವು. ಗಾಜಕ್ಕ ತೋಳನ್ನು ನೆಲಕ್ಕೆ ಒತ್ತಿ ಯಂತ್ರದ ಮುಂಭಾಗವನ್ನು ಮೇಲೆತ್ತಿದಳು. ಗಂಡ ರಸ್ತೆಯಲ್ಲೇ ಕುಳಿತು ಪಟ್ಟೆಯನ್ನು ಬಿಗಿದಿಡುವ ಗ್ರೀಸನ್ನು ಹೊರಬಿಟ್ಟು ಸಡಿಲಿಸಿ, ಹಾರೆಯಿಂದ ಅದನ್ನು ಮೀಟತೊಡಗಿದ. ಅವನು "ಹೂಂ" ಎಂದರೆ ಅವಳು ಪಟ್ಟೆಯೊಳಗಿನ ಹಲ್ಲಿನ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸುವಳು. "ಸಾಕು" ಎಂದರೆ ನಿಲ್ಲಿಸುವಳು.

ಕಾರಿನವನು ಇಳಿದು ಬಂದ. "ಏನಮ್ಮ ಇದು? ಪಕ್ಕಕ್ಕೆ ತೆಗೀರಿ. ಆಗಲ್ಲ ಅಂದ್ರೆ ಈ ಕೆಲಸಕ್ಕೆ ಯಾಕೆ ಬರ್ತೀರ? ಯಾರಾದ್ರೂ ದೊಡ್ಡ ಕಂಪನಿಯವರನ್ನ ಕರೆಸಬಾರದಾ?"

ಗಾಜಕ್ಕ ಹಲಗೆಯ ಮೇಲಿಂದಲೇ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಸ್ವಾಮಿ, ಗಂಡ ಹೆಂಡತಿ ಮಾತಾಡ್ತಿದೀವಿ," ಎಂದಳು. "ಮುಗಿಯೋವರೆಗೆ ಕಾರಲ್ಲಿ ಕೂತಿರಿ. ನಿಮಗೆ ಕೂರೋಕೆ ಬರುತ್ತಲ್ಲ."

"ಹೂಂ," ಎಂದ ಗಂಡ ಕೆಳಗಿನಿಂದ. ಅವಳು ಹಿಡಿಕೆ ಒತ್ತಿದಳು. ಪಟ್ಟೆ ಚಕ್ರದ ಹಲ್ಲಿಗೆ ಹತ್ತಿ ಗಕ್ಕನೆ ಕೂತಿತು.